ಹಾಸುಗಲ್ಲು ಸುಡದ ಗುಟ್ಟು

ಬಹಳ ಹಿಂದೆ, ಹೊಳೆಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ, ಕಂಚಿನಕೋಟೆ ಎಂಬ ರಾಜ್ಯವಿತ್ತು. ಅಲ್ಲಿ ಎಲ್ಲರೂ ಸುಖವಾಗಿದ್ದರು ಎಂದು ಅರಮನೆಯವರು ಹೇಳುತ್ತಿದ್ದರು. ಅರಮನೆಯವರು ಹೇಳುತ್ತಿದ್ದರು ಅಂದೆ, ನೆನಪಿರಲಿ.

ಕೋಟೆಯ ನಡುವೆ ಒಂದು ಕರಿಯ ಹಾಸುಗಲ್ಲಿತ್ತು. ನ್ಯಾಯಾಧೀಶರು ಅದರ ಮೇಲೆ ಕೂತು ಕೊಟ್ಟ ತೀರ್ಪು ಆ ಕ್ಷಣದಲ್ಲೇ ನಡೆದುಹೋಗುತ್ತಿತ್ತು. ಆದರೆ ತೀರ್ಪಿಗೆ ಮೊದಲು ಅವರು ‘ಕೇಳಿದೆ’ ಎಂಬ ಒಂದು ಮಾತು ಹೇಳಲೇಬೇಕು. ಎರಡೂ ಕಡೆಯವರ ಮಾತು ಕೇಳಿದೆ ಅಂತ. ಅದು ಸುಳ್ಳಾದರೆ ಕಲ್ಲು ಕಾದ ಹಂಚಿನಂತೆ ಸುಡುತ್ತಿತ್ತು. ಹಿಂದೊಬ್ಬ ಸುಳ್ಳು ಹೇಳಿ ಮೂರು ತಿಂಗಳು ಕೂರಲಾಗದೆ ನಿಂತೇ ಊಟ ಮಾಡಿದನಂತೆ.

ಆ ರಾಜ್ಯಕ್ಕೆ ಧೂಮಕಂಠ ಎಂಬ ಮಾಯಾವಿ ಮಂತ್ರಿಯಾಗಿ ಬಂದ. ಅವನ ಮಂತ್ರಕ್ಕೆ ಹಸು ಮಾತಾಡುತ್ತಿತ್ತು, ಬಾವಿ ಹಾಡುತ್ತಿತ್ತು. ಆದರೆ ಮನುಷ್ಯರ ಒಂದು ಕೂದಲನ್ನೂ ಆ ಮಂತ್ರ ಅಲ್ಲಾಡಿಸುತ್ತಿರಲಿಲ್ಲ. ಮನುಷ್ಯರಿಗೆ ಶಿಕ್ಷೆ ಕೊಡುವ ಶಕ್ತಿ ಹಾಸುಗಲ್ಲಿಗೆ ಮಾತ್ರ ಇತ್ತು. ರಾಜ ಒಳ್ಳೆಯವನು. ಹಾಗೆ ಹೇಳುತ್ತಿದ್ದವನು ಮಂತ್ರಿಯೇ ಆದ್ದರಿಂದ ನನಗೆ ಅದರ ಮೇಲೂ ಅನುಮಾನ.

ಮಂತ್ರಿ ಬಂದ ವರ್ಷದಿಂದ ಹೊಳೆ ದಾಟುವ ಕಡವಿನಲ್ಲಿ ಹೊಸ ಮೆಟ್ಟಿಲು ಕಾಣಿಸತೊಡಗಿದವು. ಯಾರೂ ಕಟ್ಟಿದ್ದಲ್ಲ. ಮಂತ್ರಿಯ ಮೇಲೆ ದೂರು ಹೇಳಿದ ಒಬ್ಬೊಬ್ಬರನ್ನೂ ಯಾವುದೋ ನೆಪದಲ್ಲಿ ಹಿಡಿದು ತರುವುದು, ಹಾಸುಗಲ್ಲಿನ ಮೇಲಿಂದ ‘ಕಲ್ಲಾಗು’ ಎಂಬ ತೀರ್ಪು ಬರುವುದು, ಕಡವಿಗೆ ಒಂದು ಮೆಟ್ಟಿಲು ಹೆಚ್ಚಾಗುವುದು. ಹೀಗೆ ಹನ್ನೊಂದಾದವು. ಜನ ಚಪ್ಪಲಿ ಬಿಟ್ಟು ಅವುಗಳ ಮೇಲೆ ಇಳಿಯುತ್ತಿದ್ದರು, ಮಾತು ಮಾತ್ರ ಆಡುತ್ತಿರಲಿಲ್ಲ.

ಹನ್ನೆರಡನೆಯ ಸರದಿ ಅಂಬಿಗರ ಮಾದೇವನದು. ದೂರು ಕೊಡಲು ಬರುವವರನ್ನು ಹರಿಗೋಲಿನಲ್ಲಿ ದಾಟಿಸಬೇಡ ಎಂದು ಮಂತ್ರಿ ಹೇಳಿಕಳಿಸಿದ್ದ, ಇವನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟಕ್ಕೆ ಹಿಡಿಯಲಾದೀತೇ? ಹೊಳೆಯಲ್ಲಿ ಬಿದ್ದ ಅರಮನೆಯ ನೆರಳಿಗೆ ಹರಿಗೋಲಿನ ಹುಟ್ಟಿನಿಂದ ಹೊಡೆದು ಚೂರುಮಾಡಿದ, ರಾಜದ್ರೋಹ ಮಾಡಿದ ಎಂದು ಎಳೆದುಕೊಂಡು ಹೋದರು.

ಮಾದೇವನ ಹೆಂಡತಿ ನಿಂಗವ್ವ. ಊರೆಲ್ಲ ಅವಳನ್ನು ಅನುಮಾನದ ನಿಂಗವ್ವ ಅಂತಲೇ ಕರೆಯುತ್ತಿತ್ತು. ಹಾಲು ಕೊಂಡರೆ ಬೆರಳದ್ದಿ ನೋಡುವವಳು, ದೇವರ ತೀರ್ಥ ಕೊಟ್ಟರೂ ಒಮ್ಮೆ ಮೂಸುವವಳು. ಅವಳಿಗೆ ಒಂದೇ ಸಂಗತಿ ತಲೆ ಕೊರೆಯುತ್ತಿತ್ತು. ಆ ಹನ್ನೊಂದು ಜನರಲ್ಲಿ ಒಬ್ಬರಿಗೂ ಬಾಯಿ ಬಿಡಲು ಕೊಟ್ಟಿರಲಿಲ್ಲ. ಆದರೂ ನ್ಯಾಯಾಧೀಶ ಸಿಂಗಣಾರ್ಯರು ‘ಕೇಳಿದೆ’ ಅನ್ನುತ್ತಿದ್ದರು, ಕಲ್ಲು ತಣ್ಣಗೇ ಇರುತ್ತಿತ್ತು. ಕಲ್ಲು ಸುಡುತ್ತಿಲ್ಲ ಅಂದರೆ ಅವರು ಹೇಳುವುದು ಸುಳ್ಳಲ್ಲ. ಸುಳ್ಳಲ್ಲ ಅಂದಮೇಲೆ ಕೇಳಿದ್ದು ಯಾವಾಗ, ಎಲ್ಲಿ?

ವಿಚಾರಣೆಯ ದಿನ ಬೆಳಗ್ಗೆ ಅವಳು ಸಿಂಗಣಾರ್ಯರ ಹಿತ್ತಿಲ ಓಣಿ ಹಿಡಿದಳು. ತೀರ್ಪು ಮಧ್ಯಾಹ್ನಕ್ಕೆ. ಅಷ್ಟರೊಳಗೆ ಗುಟ್ಟು ತಿಳಿಯದಿದ್ದರೆ ಗಂಡ ಮೆಟ್ಟಿಲಾಗುತ್ತಾನೆ.

ಓಣಿಯ ತಿರುವಿನಲ್ಲಿ ಒಂದು ಬಿಳಿ ಹಸು ನಿಂತಿತ್ತು. ದಾರಿ ತಪ್ಪಿದೆ, ಎಡಕ್ಕೆ ತಿರುಗು ತಾಯಿ ಎಂದು ಮೆತ್ತಗೆ ಹೇಳಿತು. ನಿಂಗವ್ವ ಕೈಮುಗಿದಳು, ಆಮೇಲೆ ಸುತ್ತ ನೋಡಿದಳು. ಒಂದು ನೊಣವಿಲ್ಲ, ಚಿಟಿಕೆ ಸಗಣಿಯಿಲ್ಲ. ಇದೆಂಥ ಹಸು ಎಂದುಕೊಂಡು ಬಲಕ್ಕೆ ತಿರುಗಿದಳು. ಹಸು ಹೊಗೆಯಾಗಿ ಹೋಯಿತು.

ಮುಂದೆ ಒಂದು ಬಾವಿ. ಅದರೊಳಗಿಂದ ಮಾದೇವನ ದನಿ ಬಂತು. ನಿಂಗೂ, ನನ್ನನ್ನು ಬಿಟ್ಟರು, ಬಾ ಮನೆಗೆ ಹೋಗೋಣ ಎಂದಿತು. ನಿಂಗವ್ವನ ಕಾಲು ತಾನಾಗಿ ಬಾವಿಯ ಕಡೆ ಹೊರಟಿತು. ಕಟ್ಟೆ ಮುಟ್ಟುವ ಮೊದಲು ನಿಂತಳು. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು, ಅವನು ಒಂದು ದಿನವೂ ಹೆಸರು ಹಿಡಿದು ಕರೆದವನಲ್ಲ. ‘ಏ ಇವಳೇ’ ಅಂದರೆ ಅದೇ ಹೆಚ್ಚು. ಕಣ್ಣೊರೆಸಿಕೊಂಡು ಮುಂದೆ ನಡೆದಳು. ಬಾವಿ ಮತ್ತೆ ಮಾತಾಡಲಿಲ್ಲ.

ಮೂರನೆಯದು ಸಿಂಗಣಾರ್ಯರ ಹಿತ್ತಿಲು. ಅಲ್ಲಿ ಮಾಯೆ ಏನೂ ಇರಲಿಲ್ಲ, ಕಷ್ಟವಾಗಿದ್ದು ಮಾತ್ರ ಅಲ್ಲೇ. ನಿಂಗವ್ವನ ಅಪ್ಪ ತೊದಲ. ಹಿಂದೆ ಬಲೆಯ ಜಗಳವೊಂದರಲ್ಲಿ ಸಿಂಗಣಾರ್ಯರು ಎರಡು ದಿನ ಕೂತು ಅವನ ಒಂದೊಂದು ಮಾತಿಗೂ ಕಾದಿದ್ದರು. ಅಂಥವರನ್ನು ಅನುಮಾನಿಸುವುದೇ? ಬೇಲಿಯ ಹಿಂದೆ ಕೂತವಳಿಗೆ ಎದ್ದು ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ.

ಜಗಲಿಯ ಮೇಲೆ ಪಂಜರ, ಪಂಜರದಲ್ಲಿ ಗಿಣಿ. ಸಿಂಗಣಾರ್ಯರು ಬಾಗಿಲು ತೆರೆದು, ಅಂಬಿಗನ ಸಂಗತಿ ಏನು ಮಾಡಲಿ, ಮಂತ್ರಿಗಳನ್ನು ಕೇಳಿಕೊಂಡು ಬಾ ಎಂದರು. ಗಿಣಿ ಅರಮನೆಗೆ ಹಾರಿತು, ವೀಳ್ಯ ಮಡಿಸುವಷ್ಟರಲ್ಲಿ ಹಿಂತಿರುಗಿತು. ‘ಕಲ್ಲಾಗಲಿ’ ಎಂದಿತು. ಅಷ್ಟು ದೊಡ್ಡ ಮನುಷ್ಯ ಗಿಣಿಗೆ ಕೈಮುಗಿದರು. ನಿಂಗವ್ವನಿಗೆ ಸಿಟ್ಟಿಗಿಂತ ಮೊದಲು ಅಳು ಬಂತು.

ಮಧ್ಯಾಹ್ನ ಜನ ಸೇರಿತು. ಮಾದೇವನನ್ನು ಕಟ್ಟಿ ನಿಲ್ಲಿಸಿದ್ದರು. ಧೂಮಕಂಠ ಎತ್ತರದ ಪೀಠದಲ್ಲಿ ಮೀಸೆ ತಿರುವುತ್ತ ಕೂತಿದ್ದ. ಸಿಂಗಣಾರ್ಯರು ಹಾಸುಗಲ್ಲಿನ ಮೇಲೆ ಕೂತು, ತಲೆ ಎತ್ತದೆ ‘ಕೇಳಿದೆ’ ಎಂದರು. ಕಲ್ಲು ತಣ್ಣಗಿತ್ತು.

ನಿಂಗವ್ವ ಎದ್ದು ನಿಂತಳು.

“ಬುದ್ಧೀ, ಯಾವ ಕೇಳಿದ್ದು ಅದು? ನನ್ನ ಗಂಡನ ಮಾತು ಕೇಳಿದಿರೋ, ಮಂತ್ರಿಯನ್ನು ಕೇಳಿದಿರೋ, ಮಂತ್ರಿ ಹೇಳಿದ ಹಾಗೆ ಕೇಳಿದಿರೋ? ಮೂರಕ್ಕೂ ಮಾತು ಒಂದೇ. ಅದಕ್ಕೇ ಕಲ್ಲು ಸುಮ್ಮನಿದೆ. ಮಾದೇವನ ಮಾತು ನನ್ನ ಕಿವಿಯಲ್ಲಿ ಕೇಳಿದೆ ಅಂತ ಪೂರ್ತಿ ಹೇಳಿಬಿಡಿ. ಆಮೇಲೆ ಅವನನ್ನು ಕಲ್ಲು ಮಾಡಿ, ನಾನು ಸುಮ್ಮನೆ ಮನೆಗೆ ಹೋಗುತ್ತೇನೆ.”

ಈ ಹೆಂಗಸನ್ನು ಹೊರಗೆ ಹಾಕಿ, ತೀರ್ಪು ಮುಂದುವರಿಯಲಿ ಎಂದು ಧೂಮಕಂಠ ಗದರಿದ. ಸಿಂಗಣಾರ್ಯರು ಪೂರ್ತಿ ಹೇಳಲು ಬಾಯಿ ತೆರೆದರು. ‘ಮಾದೇವನ ಮಾತು’ ಅನ್ನುವಷ್ಟರಲ್ಲಿ ಕಲ್ಲು ಬೆಚ್ಚಗಾಯಿತು. ಅವರು ತೊದಲಿದರು. ತೊದಲುವವನೊಬ್ಬನಿಗಾಗಿ ಎರಡು ದಿನ ಕಾದದ್ದು ನೆನಪಾಯಿತೋ ಏನೋ, ಎದುರಿಗೆ ನಿಂತಿದ್ದ ಅವನ ಮಗಳನ್ನು ನೋಡಿದರು.

“ಕೇಳಲಿಲ್ಲ ತಾಯೀ,” ಎಂದರು. “ಮೊದಲ ಸಲ ಸಣ್ಣ ವಿಷಯಕ್ಕೆ ಒಂದು ಮಾತು ವಿಚಾರಿಸಿದೆ, ಅದರಲ್ಲೇನು ತಪ್ಪು ಅಂದುಕೊಂಡೆ. ಆಮೇಲೆ ವಿಚಾರಿಸದಿರಲು ಧೈರ್ಯ ಬರಲಿಲ್ಲ. ಹನ್ನೊಂದು ಜನರ ಮಾತೂ ಕೇಳಲಿಲ್ಲ. ಕೇಳದೆ ಕೊಟ್ಟ ತೀರ್ಪು ತೀರ್ಪಲ್ಲ.”

ಹಾಸುಗಲ್ಲಿನ ಮೇಲೆ ಹೇಳಿದ್ದು ನಡೆಯಲೇಬೇಕಲ್ಲ. ಕಡವಿನ ಹನ್ನೊಂದು ಮೆಟ್ಟಿಲುಗಳೂ ಮೈಮುರಿದು ಎದ್ದು ಕೂತವು. ಸೆರಗು ಕೊಡವಿಕೊಂಡು, ಪಂಚೆ ಬಿಗಿದುಕೊಂಡು ಹನ್ನೊಂದು ಜನ ಕೋಟೆಯ ಕಡೆ ನಡೆದು ಬಂದರು.

ಮಾದೇವನ ಕಟ್ಟು ಬಿಚ್ಚಿ, ಮೊದಲ ಬಾರಿಗೆ ಅವನಿಗೆ ಮಾತಾಡು ಎಂದರು. ಅವನು ತಲೆ ಕೆರೆದುಕೊಂಡು, “ಹೊಡೆದದ್ದು ನಿಜ ಬುದ್ಧಿ. ಹುಟ್ಟು ಹಾಕದೆ ಹರಿಗೋಲು ಹೋಗಲ್ಲ. ನಾನು ಅತ್ತ ಹೋದಮೇಲೆ ನೆರಳು ತಾನೇ ಕೂಡಿಕೊಂಡಿತು,” ಎಂದ. ಇಷ್ಟೇ. ಇಷ್ಟನ್ನು ಕೇಳಲು ಆ ರಾಜ್ಯದಲ್ಲಿ ಯಾರಿಗೂ ಪುರಸೊತ್ತಿರಲಿಲ್ಲ. ಸಿಂಗಣಾರ್ಯರು ಅವನನ್ನು ಬಿಡುಗಡೆ ಮಾಡಿ, ಕಲ್ಲಿನಿಂದ ಇಳಿದರು. ಮತ್ತೆ ಏರಲಿಲ್ಲ.

ಜನ ಧೂಮಕಂಠನನ್ನು ಸುತ್ತುವರಿದು ಇವನನ್ನೇ ಕಲ್ಲು ಮಾಡಿ ಎಂದರು. ನಿಂಗವ್ವ ಅಡ್ಡ ನಿಂತಳು. ಅವನ ಮಾತೂ ಕೇಳಬೇಕು ಎಂದಳು. ಕೇಳುವವರು ಮೆಟ್ಟಿಲಾಗಿದ್ದವರೂ ಆಗಬಾರದು, ಮಂತ್ರಿಯ ಉಪ್ಪು ತಿಂದವರೂ ಆಗಬಾರದು ಎಂದಳು. ಸ್ವಂತ ಗಂಡನನ್ನು ಕಲ್ಲು ಮಾಡಹೊರಟವನಿಗೆ ಇಷ್ಟು ಮರ್ಯಾದೆಯೇ ಎಂದು ಕೆಲವರು ಮುನಿದರು. ಮುನಿಯಲಿ. ಹೊಳೆಯಾಚೆಯ ಹೊನ್ನಕ್ಕ ಎಂಬ ಮುದುಕಿಯನ್ನು ಮಾದೇವನೇ ಹರಿಗೋಲಿನಲ್ಲಿ ಕರೆತಂದ. ಬರುವಾಗ ಅರಮನೆಯ ನೆರಳು ಮತ್ತೊಮ್ಮೆ ಚೂರಾಯಿತು.

ಹೊನ್ನಕ್ಕ ಮೂರು ದಿನ ಧೂಮಕಂಠನ ಮಾತು ಕೇಳಿದಳು, ನಾಲ್ಕನೆಯ ದಿನ ಉಳಿದವರದು. ಆಮೇಲೆ ‘ಇವರೆಲ್ಲರ ಮಾತು ನನ್ನ ಕಿವಿಯಲ್ಲಿ ಕೇಳಿದೆ, ಬೇರೆ ಯಾರನ್ನೂ ಕೇಳಲಿಲ್ಲ’ ಎಂದಳು. ಕಲ್ಲು ತಣ್ಣಗಿತ್ತು. ಇವನ ಮಾಯೆ ಇಲ್ಲಿಗೆ ಮುಗಿಯಲಿ, ಕಡವಿಗೆ ಹನ್ನೊಂದು ಮೆಟ್ಟಿಲುಗಳನ್ನು ಇವನೇ ಕಲ್ಲು ಹೊತ್ತು ಕಟ್ಟಲಿ ಎಂದು ತೀರ್ಪು ಕೊಟ್ಟಳು. ಅದರಂತೆ ಧೂಮಕಂಠ ಹೊತ್ತ, ಕಟ್ಟಿದ. ರಾಜ ಬಂದು ಎಲ್ಲರ ಜೊತೆ ಕೆಳಗೇ ನಿಂತು, ತನಗೇನೂ ಗೊತ್ತಿರಲಿಲ್ಲ ಎಂದ. ಗೊತ್ತಿರಲಿಲ್ಲವೋ ಗೊತ್ತು ಮಾಡಿಕೊಳ್ಳಲಿಲ್ಲವೋ, ನಾನು ಕಾಣೆ. ನ್ಯಾಯಾಧೀಶರ ಓಣಿಗೆ ಅರಮನೆಯಿಂದ ಇದ್ದ ಬಾಗಿಲನ್ನು ಮಾತ್ರ ಅವನೇ ಮುಚ್ಚಿಸಿದ.

ಇನ್ನಾದರೂ ಅನುಮಾನ ಬಿಡು ಎಂದು ಎಲ್ಲರೂ ನಿಂಗವ್ವನಿಗೆ ಹೇಳಿದರು. ಅವಳು ಹೂಂ ಅಂದಳು. ಆದರೆ ಪ್ರತಿ ವಿಚಾರಣೆಯ ಬೆಳಗ್ಗೆ ಹೊನ್ನಕ್ಕನ ಹಿತ್ತಿಲಿಗೆ ಹೋಗಿ, ಪಂಜರವೇನಾದರೂ ಇದೆಯೇ ಎಂದು ಬೇಲಿಯ ಸಂದಿಯಿಂದ ನೋಡಿ ಬರುತ್ತಿದ್ದಳು. ಹೊನ್ನಕ್ಕ ಒಳಗಿಂದಲೇ ‘ಇಲ್ಲ ಕಣೇ’ ಅನ್ನುತ್ತಿದ್ದಳು. ಆದರೂ ನಿಂಗವ್ವ ನೋಡುತ್ತಿದ್ದಳು.

ಆಮೇಲೆ ಕಂಚಿನಕೋಟೆಯಲ್ಲಿ ಎಲ್ಲರೂ ಸುಖವಾಗಿದ್ದರು. ಈ ಸಲ ಹಾಗೆ ಹೇಳುತ್ತಿರುವುದು ಅರಮನೆಯವರಲ್ಲ, ನಾನು. ನನ್ನನ್ನೂ ನಂಬಬೇಕೆಂದಿಲ್ಲ. ಹೊಳೆ ದಾಟಿ ಹೋಗಿ, ಅವರನ್ನೇ ಕೇಳಿ. ಕೇಳಿದ ಮೇಲೆ, ಅವರು ಹೇಳುವುದನ್ನೂ ಕೇಳಿ.