ಗುಜರಿ ಕುರ್ಚಿ, ಬಾಡಿಗೆ ಮನೆ

"ಕೈ ತೆಗೀರಿ!"

ಹರಿಹರದ ಆ ಹಳೇ ಸಾಮಾನಿನ ಅಂಗಡಿಯಲ್ಲಿ ಅಷ್ಟು ಜೋರಾಗಿ ಯಾರೂ ಕೂಗಿರಲಿಲ್ಲ. ಕೂಗಿದವಳು ಭವ್ಯಾ. ಬೆತ್ತ ಹೆಣೆದ ಆರಾಮ ಕುರ್ಚಿಯ ಒಂದು ತೋಳು ಅವಳ ಕೈಯಲ್ಲಿತ್ತು. ಇನ್ನೊಂದು ತೋಳನ್ನು ಹಿಡಿದು ನಿಂತವನನ್ನು ಅವಳು ಹಿಂದೆಂದೂ ನೋಡಿರಲಿಲ್ಲ.

"ಮೇಡಂ, ಇದನ್ನ ನಾನು ನಿನ್ನೇನೇ ಫೋನ್ ಮಾಡಿ ಹೇಳಿಟ್ಟಿದೀನಿ."

"ಫೋನಲ್ಲೇ ಕುರ್ಚಿ ಮೇಲೆ ಕುಂತಿದ್ರಾ? ನಾನು ಬಂದು, ನೋಡಿ, ಕುಂತು, ರೇಟು ಮಾತಾಡೀನಿ. ಇದು ನಂದು!"

ಅಂಗಡಿಯ ತೌಸೀಫ್ ಓಡಿ ಬಂದ. "ಚೌಡೇಶಣ್ಣ, ಭವ್ಯಕ್ಕ... ಇಬ್ರೂ ಎಳೆದ್ರೆ ಕುರ್ಚಿ ಮುರೀತೈತೆ. ಆಮೇಲೆ ಯಾರಿಗೂ ಇಲ್ಲ ನೋಡ್ರಿ!"

"ಇವರಿಗೆ ಯಾತಕ್ಕೆ ಬೇಕಂತೆ, ಕೇಳು" ಎಂದಳು ಭವ್ಯಾ.

"ಫೋಟೋ ಶೂಟಿಗೆ" ಎಂದ ಚೌಡೇಶ್. "ಕೆ.ಬಿ. ಬಡಾವಣೇಲಿ ನಮ್ಮ ಸ್ಟುಡಿಯೋ ಐತೆ. ಮದುವೆಗೆ ಮುಂಚೆ ಹುಡುಗ ಹುಡುಗಿ ಬಂದು ಫೋಟೋ ತೆಗೆಸ್ಕೊಂತಾರಲ್ಲ, ಅವರಿಗೆ ಈಗ ಹಳೇ ಸಾಮಾನೇ ಬೇಕು."

ಭವ್ಯಾಗೆ ಮೈಯೆಲ್ಲಾ ಉರಿಯಿತು. "ಅಂದ್ರೆ ಮದುಮಗಳು ಎರಡು ನಿಮಿಷ ಕುಂತು, ನಕ್ಕು, ಎದ್ದು ಹೋಗ್ತಾಳೆ. ನಾನು ದಿನಾ ಕುಂದ್ರಾಕೆ ಒಯ್ತಿದೀನಿ. ಈಗ ಹೇಳ್ರಿ, ಯಾರದು?"

ಚೌಡೇಶ್ ಮೆಲ್ಲಗೆ ಕೈ ಬಿಟ್ಟ.

ಗೆದ್ದೆ ಎಂದುಕೊಂಡಳು ಭವ್ಯಾ. ಆದರೆ ಗೆದ್ದ ಕುರ್ಚಿಯನ್ನು ದಾವಣಗೆರೆಗೆ ಒಯ್ಯುವುದು ಹೇಗೆ? ಬಸ್ಸಿನ ಕಂಡಕ್ಟರ್ ದೂರದಿಂದಲೇ ಕೈ ಆಡಿಸಿಬಿಟ್ಟ. ಭಾನುವಾರ, ಲಗೇಜ್ ಆಟೋ ಒಂದೂ ಇಲ್ಲ. ಸುಡು ಬಿಸಿಲಲ್ಲಿ ಕುರ್ಚಿಯ ಪಕ್ಕ ನಿಂತಿದ್ದವಳ ಮುಂದೆ ಒಂದು ಲಗೇಜ್ ಗಾಡಿ ಹಿಂದಕ್ಕೆ ಬಂದು ನಿಂತಿತು.

"ಕುರ್ಚಿ ಹತ್ತಿಸ್ರಿ. ನೀವು ಬೇಕಾದ್ರೆ ಬಸ್ಸಲ್ಲೇ ಬರ್ರಿ" ಎಂದ, ಗಾಡಿ ಓಡಿಸುತ್ತಿದ್ದ ಚೌಡೇಶ್.

"ಕುರ್ಚಿ ತಗೊಂಡು ಸೀದಾ ಸ್ಟುಡಿಯೋಕ್ಕೆ ಹೋಗಾಕಾ?"

"ಹಂಗಾರೆ ನೀವೂ ಹತ್ರಿ. ಕಾವಲಿಗೆ!"

ಅವಳು ಹತ್ತಿದಳು. ಹರಿಹರದಿಂದ ದಾವಣಗೆರೆಯವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು. ಅವನು ಎರಡು ಸಲ ಮಾತು ತೆಗೆದ. ಎರಡು ಸಲವೂ "ಹ್ಞೂಂ" ಎಂಬುದಷ್ಟೇ ಉತ್ತರ.

ಭವ್ಯಾಳ ಆ ಸಿಟ್ಟು ಕುರ್ಚಿಯದ್ದಲ್ಲ. ಅದು ಹಳೆಯದು.

ಕುಕ್ಕುವಾಡದ ಹುಡುಗಿ, ದಾವಣಗೆರೆಯ ರಕ್ತ ಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ. ಅಂಜನಕುಮಾರನನ್ನು ಮದುವೆಯಾಗಿ ಒಂದು ವರ್ಷವೂ ಅವನ ಮನೆಯಲ್ಲಿ ಇರಲಾಗಲಿಲ್ಲ. ಹೊಳೆಯುವ ನೆಲ, ಹೊಳೆಯುವ ಗೋಡೆ, ಹೊಂದಿಸಿ ಇಟ್ಟ ಸೋಫಾ... ಆ ಮನೆಯಲ್ಲಿ ಅವಳಿಗೆ ಒಂದು ಮೊಳೆ ಹೊಡೆಯುವ ಹಕ್ಕಿರಲಿಲ್ಲ. ಹಳೇ ಸೀರೆಗಳಿಂದ ಅವ್ವ ಹೊಲಿದುಕೊಟ್ಟ ಕೌದಿಯನ್ನು ಮಂಚದ ಮೇಲೆ ಹಾಸಿದ ದಿನ ಅವನು ಅದನ್ನು ಹೊರಗೆ ಎಸೆದಿದ್ದ. "ಇದು ಮನೆ, ನಿಮ್ಮೂರ ಕಣ ಅಲ್ಲ!" ಅವಳು ಎದುರು ಮಾತಾಡಿದರೆ ಕೈ ಎತ್ತುತ್ತಿದ್ದ.

ಕೌದಿಯನ್ನು ಎತ್ತಿಕೊಂಡು ಅವಳು ಹೊರಬಿದ್ದಳು. ವಿಚ್ಛೇದನವೂ ಆಯಿತು. ಆದರೂ ಅವನು ಲ್ಯಾಬಿನ ಮುಂದೆ ಬಂದು ನಿಲ್ಲುತ್ತಿದ್ದ. ಅವಳು ಬೇರೆ ಲ್ಯಾಬ್ ಸೇರಿದಳು, ದೇವರಾಜ ಅರಸು ಬಡಾವಣೆಯಲ್ಲಿ ನಿರ್ಮಲಮ್ಮನವರ ಮಹಡಿಯ ಮೇಲಿನ ಎರಡು ಕೋಣೆಯ ಮನೆ ಹಿಡಿದಳು. ವಿಳಾಸವನ್ನು ಹಳೇ ಪರಿಚಯದ ಯಾರಿಗೂ ಕೊಡಲಿಲ್ಲ.

ಆ ಎರಡು ಕೋಣೆಯನ್ನು ಅವಳು ಹಳೇ ಸಾಮಾನಿನಿಂದಲೇ ತುಂಬುತ್ತಿದ್ದಳು. ಹೊಲಿಗೆ ಯಂತ್ರದ ಕಬ್ಬಿಣದ ಕಾಲಿನ ಮೇಲೆ ಹಲಗೆ ಇಟ್ಟರೆ ಮೇಜಾಯಿತು. ಯಾರದೋ ಉಪ್ಪಿನಕಾಯಿಯ ಪಿಂಗಾಣಿ ಬರಣಿಯಲ್ಲಿ ಮನಿಪ್ಲಾಂಟ್ ಬಳ್ಳಿ. ಕೆಡವಿದ ಮನೆಯ ಕಿಟಕಿ ಚೌಕಟ್ಟಿಗೆ ಕನ್ನಡಿ. ಪ್ರತಿಯೊಂದನ್ನೂ ತಾನೇ ಆರಿಸಿ, ಉಜ್ಜಿ, ಬಣ್ಣ ಹಚ್ಚಿ ಇಟ್ಟಿದ್ದಳು.

ಕುರ್ಚಿ ಹೊತ್ತು ಮಹಡಿ ಹತ್ತಿದ ಚೌಡೇಶ್ ಬಾಗಿಲಲ್ಲೇ ನಿಂತುಬಿಟ್ಟ.

"ಏನ್ರೀ ಇದು... ನಮ್ಮ ಸ್ಟುಡಿಯೋದಾಗೂ ಹಿಂಗಿಲ್ಲ! ಇಲ್ಲಿ ಒಂದೇ ಒಂದು ಶೂಟ್..."

"ಬ್ಯಾಡ."

"ಒಂದೇ..."

"ಬ್ಯಾಡ ಅಂದೆ! ಇದು ಮನೆ. ನೀರು ಕುಡೀರಿ, ಹೊರಡ್ರಿ."

ಅವನು ನೀರು ಕುಡಿದ. ಹೋಗುವಾಗ ಮೆಟ್ಟಿಲ ಮೇಲೆ ಒಬ್ಬನೇ ನಗುತ್ತಿದ್ದ. ಅದನ್ನು ಕಂಡು ಅವಳಿಗೆ ಮತ್ತೆ ಸಿಟ್ಟು ಬಂತು.

ಆಮೇಲಿನ ಭಾನುವಾರಗಳಲ್ಲಿ ಅವರು ತೌಸೀಫನ ಅಂಗಡಿಯಲ್ಲಿ ಮತ್ತೆ ಮತ್ತೆ ಸಿಕ್ಕರು. ಜಗಳವೂ ಮುಂದುವರಿಯಿತು. ಆದರೆ ಯಾವಾಗಲೋ ಅದು ಜಗಳವಾಗಿ ಉಳಿಯಲಿಲ್ಲ. ಹಳೇ ಲಾಟೀನು ಕಂಡರೆ ಅವನು ಅವಳಿಗೆ ಮೊದಲು ತೋರಿಸುತ್ತಿದ್ದ. ಹೊಸ ಮರಕ್ಕೆ ಮಸಿ ಬಳಿದು ಹಳೇದು ಮಾಡುವ ಅವನ ವ್ಯಾಪಾರವನ್ನು ಅವಳು ಆಡಿಕೊಳ್ಳುತ್ತಿದ್ದಳು. ಒಂದು ದಿನ, ಅವಳ ಮನೆಯಲ್ಲಿ ಸಾಮಾನು ಇಳಿಸಿ ಚಹಾ ಕುಡಿಯುತ್ತಾ, ಕೌದಿಯ ಕಥೆಯನ್ನೂ ಹೇಳಿಬಿಟ್ಟಳು.

ಅವನು ಸಮಾಧಾನದ ಮಾತು ಒಂದೂ ಆಡಲಿಲ್ಲ. "ಅವನ ಕೈ ಮುರೀಬೇಕಿತ್ತು" ಎಂದ, ಅಷ್ಟೇ.

'ಇವನ ಮುಂದೆ ಹೇಳಬಹುದು... ಹೇಳಿದ್ದು ಒಳ್ಳೇದೇ ಆಯ್ತು' ಎಂದುಕೊಂಡಳು ಭವ್ಯಾ. ಎಷ್ಟೋ ಕಾಲದ ಮೇಲೆ ಎದೆ ಹಗುರವಾಗಿತ್ತು.

ಅದು ಬಹಳ ದಿನ ಉಳಿಯಲಿಲ್ಲ.

ಒಂದು ಬೆಳಿಗ್ಗೆ ಯಾರೋ ಬಾಗಿಲು ದಡಬಡ ಬಡಿದರು. ನಿರ್ಮಲಮ್ಮ ಇರಬೇಕೆಂದು ತೆರೆದಳು. ಎದುರಿಗೆ ಅಂಜನಕುಮಾರ! ಕೈಯಲ್ಲಿ ಫೋನು.

"ಸಿಕ್ಕಿಬಿಟ್ಟೆ ನೋಡು" ಎಂದು ಅವಳನ್ನು ತಳ್ಳಿಕೊಂಡು ಒಳಗೆ ಬಂದ. "ನಮ್ಮನೆ ಬಿಟ್ಟು ಬಂದು ಗುಜರಿ ಒಳಗೆ ಕುಂತೀಯಾ? ಊರಿಗೆಲ್ಲಾ ತೋರಿಸ್ತೀಯಾ? ಯಾವನು ಇಟ್ಟಾನೆ ನಿನ್ನ ಇಲ್ಲಿ?"

ಫೋನಿನಲ್ಲಿ ಅವಳ ಕೋಣೆಯಿತ್ತು. ಅವಳ ಕುರ್ಚಿ, ಅವಳ ಮೇಜು, ಅವ್ವನ ಕೌದಿ. ಕಿಟಕಿಯಾಚೆ ಎದುರು ಮನೆಯ ಹೆಸರು, ವಿಳಾಸ ಬರೆದ ಫಲಕವೂ ಸ್ಪಷ್ಟವಾಗಿ ಕಾಣುತ್ತಿತ್ತು. ಮೇಲೆ ಚೌಡೇಶನ ಸ್ಟುಡಿಯೋದ ಹೆಸರು. 'ಇಂಥ ಮನೆಯಲ್ಲಿ ನಿಮ್ಮ ಫೋಟೋ ಬೇಕೇ? ಕರೆ ಮಾಡಿ' ಎಂಬ ಸಾಲು.

ಅವಳು ಆ ಹೆಸರನ್ನು ಮತ್ತೊಮ್ಮೆ ಓದಿದಳು.

ಅಂಜನಕುಮಾರ ಮೇಜನ್ನು ಒದ್ದ. ಬರಣಿ ಉರುಳಿ ಚೂರುಚೂರಾಯಿತು. ಆ ಸದ್ದಿಗೆ ಭವ್ಯಾಳೊಳಗೆ ಇಷ್ಟು ದಿನ ಹೆದರಿ ಮುದುಡಿಕೊಂಡಿದ್ದ ಏನೋ ಒಂದು ಎದ್ದು ನಿಂತಿತು.

"ಹೊರಗೆ ನಡಿ!"

"ಏನಂದೆ?"

"ಹೊರಗೆ ನಡಿ ಅಂದೆ! ಇದು ನನ್ನ ಮನೆ! ಬಾಡಿಗೆದಾದ್ರೂ ನನ್ನ ಮನೆ! ಇನ್ನೊಂದು ಹೆಜ್ಜೆ ಇಟ್ಟು ನೋಡು!"

ಅವನು ಕೈ ಎತ್ತಿದ. ಅವಳು ಹಿಂದೆ ಸರಿಯಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲೆ ನಿರ್ಮಲಮ್ಮನ ದನಿ ಕೇಳಿಸಿತು.

"ಯಾವನೋ ಅವನು ನನ್ನ ಬಾಗ್ಲು ಒದೆಯೋನು? ಪೊಲೀಸರಿಗೆ ಫೋನ್ ಹಚ್ಚೀನಿ. ಬರೋತನಕ ಅಲ್ಲೇ ನಿಂತಿರು!"

ಕೆಳಗೆ ಅಕ್ಕಪಕ್ಕದವರು ಸೇರಿದ್ದರು. ಅಂಜನಕುಮಾರ ಅವರ ನಡುವೆ ತಲೆ ತಗ್ಗಿಸಿಕೊಂಡು ಜಾರಿಕೊಂಡ.

'ಇನ್ನು ಮನೆ ಖಾಲಿ ಮಾಡು ಅಂತಾರೆ' ಎಂದು ಕಾಯುತ್ತಾ ನಿಂತಳು ಭವ್ಯಾ. ನಿರ್ಮಲಮ್ಮ ಚೂರುಗಳನ್ನು ನೋಡಿದರು, ಅವಳನ್ನು ನೋಡಿದರು.

"ಬರಿಗಾಲಲ್ಲಿ ಓಡಾಡಬ್ಯಾಡ, ಚುಚ್ಚೀತು. ನಡಿ, ಠಾಣೆಗೆ ಹೋಗಿ ಬರೆದುಕೊಟ್ಟು ಬರೋಣ."

"ಅಮ್ಮ... ಮನೆ ಫೋಟೋ ಫೋನಿನಾಗೆ ಹಾಕ್ಯಾರೆ, ಅದನ್ನ ನೋಡಿ ಅವನು ಬಂದ. ನಾನು ಮನೆ..."

"ಮನೆ ಎಲ್ಲಿಗೆ ಹೋಗ್ತೈತೆ? ಮೊದಲು ಆ ಫೋಟೋ ಹಾಕಿದೋನನ್ನ ವಿಚಾರಿಸು!"

ಠಾಣೆಯಿಂದ ಭವ್ಯಾ ನೇರವಾಗಿ ಕೆ.ಬಿ. ಬಡಾವಣೆಗೆ ಹೋದಳು.

ಸ್ಟುಡಿಯೋದಲ್ಲಿ ಎದುರಾದವನು ಚೌಡೇಶನ ಪಾಲುದಾರ ಯೋಗರಾಜ್. ಫೋಟೋದ ಮನೆ ತನ್ನದು ಎಂದಳು ಅವಳು. "ಓ, ಆ ಮನೆ ಮೇಡಮ್ಮಾ! ಬರ್ರಿ ಬರ್ರಿ, ಆಗಲೇ ಇಬ್ರು ಕೇಳ್ಯಾರೆ. ಯಾವ ದಿನ ಕೊಡ್ತೀರಿ?"

ಒಳಗಿಂದ ಬಂದ ಚೌಡೇಶ್ ಅವಳ ಮುಖ ನೋಡಿಯೇ ಬೆಚ್ಚಿದ.

"ಆ ಫೋಟೋ ತೆಗೆದಿದ್ದು ನೀವಾ?"

"ಯಾವ..."

"ನೀವಾ, ಅಲ್ವಾ?"

ಯೋಗರಾಜ್ ತೋರಿಸಿದ ಫೋನನ್ನು ನೋಡಿ ಚೌಡೇಶನ ಬಣ್ಣ ಇಳಿಯಿತು. "ನಾನೇ... ಆದ್ರೆ ಭವ್ಯಾ..."

"ಆದ್ರೆ ಏನು? ನನ್ನ ಬಾಯಿಂದಲೇ ಎಲ್ಲಾ ಕೇಳಿದ್ರಿ! ಯಾಕೆ ವಿಳಾಸ ಮುಚ್ಚಿಟ್ಟೀನಿ ಅಂತ ಗೊತ್ತಿತ್ತು! ಇವತ್ತು ಅವನು ಮನೆಗೆ ಬಂದಿದ್ದ, ಗೊತ್ತಾ? ನಂಬಿ ಚಹಾ ಕೊಟ್ಟೆ ನಿಮಗೆ... ನಂಬಿ!" ಅಳು ಬರುತ್ತಿತ್ತು. ಅವನ ಮುಂದೆ ಅಳಲು ಅವಳು ತಯಾರಿರಲಿಲ್ಲ. "ಫೋನ್ ಮಾಡಬ್ಯಾಡ್ರಿ. ಮನೆ ಕಡೆ ಬರಬ್ಯಾಡ್ರಿ. ನಿಮ್ಮ ಮುಖ ತೋರಿಸಬ್ಯಾಡ್ರಿ!"

ಚೌಡೇಶ್ ಫೋನ್ ಮಾಡಲಿಲ್ಲ. ಬರಲೂ ಇಲ್ಲ.

ದಿನಗಳು ಕಳೆದವು. ಪೊಲೀಸರು ಅಂಜನಕುಮಾರನನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಂಡರು. ನಿರ್ಮಲಮ್ಮ ಮೆಟ್ಟಿಲ ಬುಡಕ್ಕೆ ಕಬ್ಬಿಣದ ಗೇಟು ಹಾಕಿಸಿದರು. ಎಲ್ಲಾ ಸರಿಹೋಗುತ್ತಿತ್ತು. ಆದರೂ ಭವ್ಯಾಗೆ ಆ ಕುರ್ಚಿಯ ಮೇಲೆ ಕೂರಲು ಮನಸ್ಸಾಗುತ್ತಿರಲಿಲ್ಲ. ಫೋನ್ ಸದ್ದಾದರೆ ನೋಡುವಳು. ಬೇರೆ ಯಾರದೋ. ಮತ್ತೆ ಸಿಟ್ಟು!

'ಬ್ಯಾಡ ಅಂದ್ರೆ ಒಂದು ಸಲಾನೂ ಮಾಡಬಾರದಾ?... ಛೀ, ನಾನ್ಯಾಕೆ ಕಾಯ್ತಿದೀನಿ!'

ಕೊನೆಗೆ ಒಂದು ಭಾನುವಾರ ಹರಿಹರಕ್ಕೆ ಹೋದಳು. ಒಡೆದ ಬರಣಿಗೆ ಬದಲು ಇನ್ನೊಂದು ಬೇಕು, ಅದಕ್ಕೇ ಎಂದು ತನಗೆ ತಾನೇ ಹೇಳಿಕೊಂಡಳು. ಅಂಗಡಿಯಲ್ಲಿ ತೌಸೀಫ್ ಒಬ್ಬನೇ ಇದ್ದ.

"ಅವನು ಬರೋದಿಲ್ವಾ ಈಗ?" ಕೇಳಬಾರದೆಂದುಕೊಂಡರೂ ಕೇಳಿಬಿಟ್ಟಳು.

"ಚೌಡೇಶಣ್ಣ ಶನಿವಾರ ಬರ್ತಾರಕ್ಕ. ಭಾನುವಾರ ಅಕ್ಕ ಬರೋ ದಿನ, ನಾನು ಇದ್ರೆ ಅವರಿಗೆ ತೊಂದ್ರೆ ಆಗ್ತೈತೆ ಅಂದ್ರು."

ಭವ್ಯಾ ಕೈಯಲ್ಲಿದ್ದ ಬರಣಿಯನ್ನು ಕೆಳಗಿಟ್ಟಳು.

"ಸ್ಟುಡಿಯೋನೂ ಬಿಟ್ಟುಬಿಟ್ರು. ಅವರ ಫೋನಿನ ಫೋಟೋ ಎಲ್ಲಾ ತಾವಾಗೇ ಸ್ಟುಡಿಯೋ ಕಂಪ್ಯೂಟರಿಗೆ ಹೋಗ್ತಿದ್ವಂತೆ. ಯೋಗರಾಜಣ್ಣ ಕೇಳದೇ ಹಾಕ್ಯಾರೆ. ಅವತ್ತೇ ದೊಡ್ಡ ಜಗಳ ಆಗಿ, ಫೋಟೋ ತೆಗೆಸಿಹಾಕಿ, ಪಾಲು ಮುರಕೊಂಡು ಬಂದ್ರು. ಈಗ ಇಲ್ಲೇ ಹರಿಹರದಾಗೆ ಒಂದು ಶೆಡ್ ಹಿಡಿದು ಹಳೇ ಮರದ ಸಾಮಾನು ರಿಪೇರಿ ಮಾಡ್ತಾರೆ."

"ನಂಗ್ಯಾಕೆ ಹೇಳಲಿಲ್ಲ?"

"ಫೋನ್ ಮಾಡಬ್ಯಾಡ ಅಂದೀರಂತಲ್ಲ?"

ಅವಳಿಗೆ ಬಂದ ಕೋಪಕ್ಕೆ ಲೆಕ್ಕವಿಲ್ಲ! ತೌಸೀಫನಿಂದ ದಾರಿ ಕೇಳಿಕೊಂಡು ದಡದಡ ನಡೆದಳು.

ಶೆಡ್ಡು ಹೊಳೆಯ ಕಡೆಗಿನ ಬೀದಿಯಲ್ಲಿತ್ತು. ಚೌಡೇಶ್ ಒಂದು ಹಳೇ ಬಾಗಿಲಿಗೆ ಮರಳು ಕಾಗದ ಉಜ್ಜುತ್ತಿದ್ದ. ಅವಳನ್ನು ಕಂಡು ಎದ್ದವನೇ ಎರಡು ಹೆಜ್ಜೆ ಹಿಂದೆ ಸರಿದ, ಮುಖ ತೋರಿಸಬೇಡ ಎಂಬುದು ಇನ್ನೂ ಜಾರಿಯಲ್ಲಿದೆ ಎಂಬಂತೆ.

"ಫೋಟೋ ಹಾಕಿದ್ದು ನಾನಲ್ಲ ಅಂತ ಹೇಳಾಕೆ ಬಾಯಿರಲಿಲ್ವಾ ನಿಮಗೆ?"

"ಹಾಕಿದ್ದು ನಾನಲ್ಲ. ತೆಗೆದಿದ್ದು ನಾನೇ ಅಲ್ವಾ?" ಎಂದ ಚೌಡೇಶ್. "ನಿಮ್ಮನ್ನ ಕೇಳದೇ ತೆಗೆದೆ. ಅವನು ಮನೆತನಕ ಬಂದಿದ್ದು ಅದರಿಂದಲೇ. ಅದರ ಮುಂದೆ ಯೋಗರಾಜನ ಹೆಸರು ಹೇಳಿ ತಪ್ಪಿಸ್ಕೊಳ್ಳಾಕೆ ನಂಗೆ ನಾಚಿಕೆ ಆಯ್ತು."

"ಯಾಕೆ ತೆಗೆದ್ರಿ?"

ಅವನು ಕೈಯಲ್ಲಿದ್ದ ಕಾಗದವನ್ನು ಮಡಿಸಿದ, ಬಿಡಿಸಿದ.

"ಅವತ್ತು ನೀವು ಅಡಿಗೆ ಮನೇಲಿ ಚಹಾ ಮಾಡ್ತಿದ್ರಿ. ಏನೋ ಗುನುಗ್ತಿದ್ರಿ. ಬಿಸಿಲು ಕೌದಿ ಮೇಲೆ ಬಿದ್ದಿತ್ತು. ನಾನು ಇಷ್ಟು ವರ್ಷ ಸುಳ್ಳು ಮನೆ ಕಟ್ಟಿ ಫೋಟೋ ತೆಗೆದೋನು. ಇಂಥ ಮನೇಲಿ ಇರಬೇಕು ಅಂತ ಜೀವನದಾಗೆ ಮೊದಲನೇ ಸಲ ಅನ್ನಿಸ್ತು." ಕಾಗದವನ್ನು ಕೆಳಗಿಟ್ಟ. "ಮನೇಲಿ ಅಲ್ಲ... ನಿಮ್ಮ ಜೊತೆ. ಭವ್ಯಾ, ನೀವಂದ್ರೆ ನಂಗೆ ಇಷ್ಟ. ಬಹಳ ಇಷ್ಟ. ಹೇಳಾಕೆ ಹಕ್ಕಿಲ್ಲ, ಗೊತ್ತು."

ಭವ್ಯಾಳ ಕಣ್ಣು ತುಂಬಿ ಬಂತು. ಈ ಸಲ ಅವಳು ತಡೆಯಲಿಲ್ಲ.

"ನಂಗಿನ್ನೂ ಸಿಟ್ಟೈತೆ!"

"ಇರಲಿ."

"ಇರಲಿ ಅಂದ್ರೇನು? ಇವತ್ತಿಗೆ ಮುಗಿಯೋದಲ್ಲ ಇದು. ನಾಳೆನೂ ಬೈತೀನಿ. ನೆನಪಾದಾಗೆಲ್ಲಾ ಬೈತೀನಿ! ಗಂಡನ ಮನೇಲಿ ಒಂದು ದಿನಾನೂ ಬಾಯಿ ತೆರೆಯಾಕೆ ಬಿಡಲಿಲ್ಲ ನಂಗೆ..."

"ಬೈರಿ. ಎದುರಿಗೆ ಕುಂತು ಕೇಳ್ತೀನಿ."

"ಇಷ್ಟು ದಿನ ಒಂದು ಫೋನ್ ಇಲ್ಲ! ಅದಕ್ಕೆ ಬೇರೆ ಬೈಬೇಕು!"

"ನೀವೇ ಬ್ಯಾಡ ಅಂದಿದ್ರಿ..."

"ಅಂದಿದ್ದೆ!" ಎಂದು ಮೂಗೊರೆಸಿಕೊಂಡಳು. "ಮತ್ತೆ ಯಾವತ್ತಾದ್ರೂ ಬ್ಯಾಡ ಅಂದ್ರೆ ಹಿಂಗೇ ಕೇಳಬೇಕು. ಆದ್ರೆ ಇಷ್ಟು ದಿನ ಅಲ್ಲ."

ಅವನಿಗೆ ನಗು ಬಂತು. ತಡೆದುಕೊಂಡ. ಅವಳೂ ನಗದಿರಲು ತುಟಿ ಕಚ್ಚಿ ಹಿಡಿದಳು, ಆಗಲಿಲ್ಲ. ಅಳುತ್ತಲೇ ನಕ್ಕು, ಮರದ ಪುಡಿ ಮೆತ್ತಿದ ಅವನ ಕೈಯನ್ನು ತಾನೇ ಹಿಡಿದುಕೊಂಡಳು.

"ಚೌಡೇಶ್... ನೀವಿಲ್ದೆ ಮನೇಲಿ ಜಗಳ ಆಡಾಕೂ ಯಾರಿಲ್ಲ. ಬರ್ತೀರಾ?"

"ಈಗಲೇ?"

"ಈಗಲೇ. ನೀವು ಕೈಗೆ ಸಿಗ್ಲಿ ಅಂತ ನಿರ್ಮಲಮ್ಮ ಅವತ್ತಿಂದ ಕಾಯ್ತಾ ಇದಾರೆ. ಅವರೂ ಒಂದಿಷ್ಟು ಬೈತಾರಂತೆ."

"ಬೈಸ್ಕೊಂಡ ಮೇಲೆ?"

"ಆಮೇಲೆ ಊಟ ಮಾಡೋಣ" ಎಂದಳು ಭವ್ಯಾ, ಅವನ ಕೈ ಬಿಡದೆ.