ಅಮ್ಮನ ತಟ್ಟೆ ಬರುವ ತನಕ

“ಇನ್ನೊಂದು ಊಟ ಎಲ್ಲಿ?”

ಸಂಘಮಿತ್ರ ಮತ್ತೆ ಕೇಳಿದಳು. ಈ ಸಲ ಅವಳ ದನಿಗೆ ಪಕ್ಕದ ಟೇಬಲ್ಲಿನವರೂ ಕತ್ತೆತ್ತಿ ನೋಡಿದರು.

ಸಪ್ಲೈಯರ್ ಮಾತ್ರ ನೋಡಲಿಲ್ಲ. “ಬರುತ್ತೆ ಮೇಡಂ” ಎಂದು ಗಾಳಿಗೆ ಹೇಳಿ, ಕಿಟಕಿ ಪಕ್ಕದವರಿಗೆ ಐಸ್‌ಕ್ರೀಮ್ ಒಯ್ದ. ಅವರು ಬಂದದ್ದು ಇವರಿಗಿಂತ ಎಷ್ಟೋ ಆಮೇಲೆ!

ಎದುರಿಗೆ ಕೂತಿದ್ದ ಮನೋಹರನನ್ನು ಅವಳು ನೋಡುತ್ತಿರುವುದು ಇದೇ ಮೊದಲು. ಹೆಣ್ಣು ನೋಡುವ ಶಾಸ್ತ್ರಕ್ಕೆ ಮನೆಯಲ್ಲಿ ತಲೆ ತಗ್ಗಿಸಿ ಕಾಫಿ ಕೊಡುವುದಿಲ್ಲ, ಹೋಟೆಲಿನಲ್ಲಿ ಸಮಸಮ ಕೂತು ಮಾತಾಡೋಣ, ಜೊತೆಗೆ ಅಮ್ಮ ಇರುತ್ತಾಳೆ ಎಂದು ಹಟ ಹಿಡಿದವಳು ಅವಳೇ. ಸಂಬಂಧ ತಂದಿದ್ದ ಶಾಮಣ್ಣ “ಎಂಥಾ ಹುಡುಗಿಯಪ್ಪಾ!” ಎಂದು ತಲೆ ಚಚ್ಚಿಕೊಂಡು, ದೇವರಾಜ ಮೊಹಲ್ಲಾದ ಈ ಎ.ಸಿ. ಹೋಟೆಲನ್ನು ಗೊತ್ತು ಮಾಡಿದ್ದರು.

ಹೋಟೆಲೇನೋ ಜೋರಾಗಿತ್ತು. ಮರ್ಯಾದೆ ಮಾತ್ರ ಉಟ್ಟ ಸೀರೆ ನೋಡಿ ಸಿಗುವಂಥದ್ದು.

ಅಮ್ಮ ಪುಟ್ಟಲಿಂಗಮ್ಮ ಮಂಡಿ ಮೊಹಲ್ಲಾದ ಸಗಟು ಅಂಗಡಿಯಲ್ಲಿ ಅರಿಶಿನದ ಕೊಂಬು ಆರಿಸಿಯೇ ಮಗಳನ್ನು ಟೀಚರ್ ಮಾಡಿದವಳು. ಎಷ್ಟು ತೊಳೆದರೂ ಬೆರಳಿನ ಹಳದಿ ಹೋಗುವುದಿಲ್ಲ. ಬಾಗಿಲಲ್ಲೇ ಆ ಕೈ, ಆ ಹವಾಯಿ ಚಪ್ಪಲಿ ನೋಡಿದ ಸಪ್ಲೈಯರ್, ಕೈ ತೊಳೆಯುವ ಜಾಗದ ಪಕ್ಕದ ಟೇಬಲ್ ತೋರಿಸಿದ್ದ. ನೀರು ಕೇಳಿದರೆ ಕೇಳಿಸದವನಂತೆ ಹೋಗಿದ್ದ. ಮುದ್ದೆ, ನಾಟಿಕೋಳಿ ಸಾರಿನ ಮೂರು ಊಟ ಹೇಳಿದರೆ ಬಂದದ್ದು ಎರಡೇ. ಒಂದು ಮಗಳ ಮುಂದೆ, ಇನ್ನೊಂದು ಹುಡುಗನ ಮುಂದೆ.

“ನೀವು ಉಣ್ಣಿ, ಆರೋಯ್ತದೆ” ಎಂದಳು ಪುಟ್ಟಲಿಂಗಮ್ಮ. ಖಾಲಿ ಟೇಬಲ್ಲಿನ ಮೇಲಿದ್ದ ಕೈಗಳನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡಳು.

ಸಂಘಮಿತ್ರ ತಟ್ಟೆಗೆ ಕೈ ಹಾಕಲಿಲ್ಲ. ಮನೋಹರನ ಕಡೆ ನೋಡಿದಳು. ಅವನೂ ತಟ್ಟೆ ಮುಟ್ಟಿರಲಿಲ್ಲ. ಮುಖ ಕೆಂಪಾಗಿತ್ತು. ಒಂದು ಮಾತಾದರೂ ಆಡಬಾರದೇ ಈ ಮನುಷ್ಯ?

ಅಷ್ಟರಲ್ಲಿ ಅವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಯಾರಿಗೂ ಏನೂ ಹೇಳದೆ ಸರಸರನೆ ಹೊರಟೇ ಹೋದ!

ಎರಡೂ ಮನೆಯವರ ಕಡೆ ಒಂದು ಪದ್ಧತಿಯಿದೆ. ಹೆಣ್ಣು ನೋಡಿದ ದಿನ ಊಟ ಮಾಡಿದರೆ ಸಂಬಂಧಕ್ಕೆ ಒಪ್ಪಿಗೆ. ಗಂಡಾಗಲಿ ಹೆಣ್ಣಾಗಲಿ, ಬಡಿಸಿದ್ದನ್ನು ಮುಟ್ಟದೆ ಎದ್ದರೆ ಬೇಡವೆಂದು ಅರ್ಥ. ಆಮೇಲೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಕೇಳುವುದೂ ಇಲ್ಲ. ಹೋಟೆಲಾದರೇನು, ಪದ್ಧತಿ ಪದ್ಧತಿಯೇ.

“ಬುಡವ್ವ... ಹುಡುಗ ಒಪ್ಪನಿಲ್ಲ” ಎಂದಳು ಪುಟ್ಟಲಿಂಗಮ್ಮ. “ನನ್ನ ಕರ್ಕಂಡ್ ಬಂದಿದ್ದೇ ತಪ್ಪಾಯ್ತು.”

“ತಪ್ಪಾ? ಏಳಮ್ಮ! ನಿನಗೆ ಊಟ ಹಾಕದ ಹೋಟೆಲ್ಲೂ ಬೇಡ, ಅದನ್ನ ನೋಡ್ಕೊಂಡು ಸುಮ್ನಿರೋ ಗಂಡೂ ಬೇಡ!”

ಮುಟ್ಟದ ಊಟದ ಬಿಲ್ಲಿನ ದುಡ್ಡನ್ನು ಕೌಂಟರಿನಲ್ಲಿ ಕುಕ್ಕಿ, ಅಮ್ಮನ ಕೈ ಹಿಡಿದು ಮೆಟ್ಟಿಲಿಳಿದಳು. ಆಟೋದಲ್ಲಿ ಕೂತ ಮೇಲೆ ಕಣ್ಣಲ್ಲಿ ನೀರು ನಿಲ್ಲಲಿಲ್ಲ.

ಯಾಕೆ ಅಳಬೇಕು ನಾನು? ಈಗಷ್ಟೇ ನೋಡಿದವನಿಗಾಗಿ...!

ಯಾಕೆಂದು ಅವಳಿಗೆ ಗೊತ್ತಿತ್ತು. ಬಂದು ಕೂತವನೇ ಅವನು ಮೊದಲು ಮಾತಾಡಿಸಿದ್ದು ಅಮ್ಮನನ್ನು. “ದಿನಾ ಅರಿಶಿನದ ಧೂಳಲ್ಲಿ ಕೂರ್ತೀರಲ್ಲ, ಕೆಮ್ಮು ಬರಲ್ವಾ ಅಮ್ಮ?” ಎಂದು ಕೇಳಿದ್ದ. ಹೆಣ್ಣು ನೋಡಲು ಬಂದ ಯಾವ ಗಂಡೂ ಹಾಗೆ ಕೇಳಿರಲಿಲ್ಲ. ಅಷ್ಟಕ್ಕೇ ಅವಳ ಮನಸ್ಸು ಸೋತಿತ್ತು. ಅದಕ್ಕೇ ಈ ಪಾಟಿ ಕೋಪ.

ಮರುದಿನ ಶಾಮಣ್ಣನ ಫೋನು.

“ಅಲ್ಲ ಕಣವ್ವ, ಅಂಥಾ ಹುಡುಗನ್ನ ಯಾಕೆ ಬೇಡ ಅಂದೆ? ಪಾಪ, ನಿನ್ನೆಯಿಂದ ಮಂಕಾಗಿ ಕೂತವ್ನಂತೆ.”

“ನಾನಾ? ಬೇಡ ಅಂದಿದ್ದು ಅವರು!”

“ನಿನ್ನ ತಟ್ಟೆ ಇಟ್ಟಂಗೇ ಇತ್ತಂತಲ್ಲವ್ವ. ಮುಟ್ಟದೇನೇ ಎದ್ದೋಗಿದ್ರಂತೆ.”

ಸಂಘಮಿತ್ರ ಫೋನಿಟ್ಟಳು. ಹಾಗಾದರೆ ಅವನು ಹೋಟೆಲಿಗೆ ವಾಪಸ್ ಬಂದಿದ್ದನೇ? ಇದನ್ನು ಅವನ ಬಾಯಿಂದಲೇ ಕೇಳಬೇಕು. ಹುಡುಗಿಯೇ ಹುಡುಕಿಕೊಂಡು ಹೋದಳು ಎಂದು ಜನ ಆಡಿಕೊಂಡರೆ ಆಡಿಕೊಳ್ಳಲಿ!

ಸಂಜೆ ಅವನು ಕೆಲಸ ಮಾಡುವ ಹೂಟಗಳ್ಳಿಯ ಫ್ಯಾಕ್ಟರಿ ಗೇಟಿನಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ನಿಂತಿದ್ದಳು. ಬೈಕಿನಲ್ಲಿ ಬಂದ ಮನೋಹರ ಅವಳನ್ನು ಕಂಡು ಗಕ್ಕನೆ ಬ್ರೇಕ್ ಹಾಕಿದ. ಜೊತೆಗಾರರೆಲ್ಲ ಅಲ್ಲಲ್ಲೇ ನಿಂತರು.

“ನಿನ್ನೆ ಎಲ್ಲಿಗೆ ಎದ್ದು ಹೋದ್ರಿ?”

“ಅಡುಗೆಮನೆಗೆ.”

“ಏನು?!”

“ಅಮ್ಮನ ಊಟ ತರೋಕೆ. ‘ಆಯಮ್ಮಂಗೆ ಪಾರ್ಸಲ್ ಕೊಡ್ತೀವಿ, ಹೊರಗಡೆ ಉಣ್ಲಿ’ ಅಂದ ಆ ಮ್ಯಾನೇಜರ್. ಜಗಳ ಆಯ್ತು. ಕೊನೆಗೆ ನಾನೇ ಬಡಿಸ್ಕೊಂಡು, ತಟ್ಟೆ ಹಿಡ್ಕೊಂಡು ಬಂದೆ. ನೀವಿರಲಿಲ್ಲ... ನಿಮ್ಮ ಊಟ ಹಾಗೇ ಇತ್ತು. ಅದರ ಅರ್ಥ ನಂಗೂ ಗೊತ್ತಲ್ವಾ?”

“ಅಮ್ಮನಿಗೆ ಬಡಿಸದೆ ನಾನು ಹೇಗ್ರೀ ಉಣ್ಣಲಿ?”

“ಮತ್ತೆ ನಾನು ಹೇಗೆ ಉಣ್ಣಲಿ?”

ಇಬ್ಬರೂ ಒಂದೇ ಕಾರಣಕ್ಕೆ ಹಸಿದುಕೊಂಡು ಎದ್ದಿದ್ದರು! ಆದರೂ ಅವಳು ಬಿಡಲಿಲ್ಲ.

“ಹೇಳಿ ಹೋಗೋಕೆ ಬಾಯಿರಲಿಲ್ವಾ?”

“ಕೋಪ ಬಂದ್ರೆ ನಂಗೆ ಮಾತು ಹೊರಡಲ್ಲ ಕಣ್ರೀ. ತಪ್ಪಾಯ್ತು.”

ಅವಳು ಕಣ್ಣೊರೆಸಿಕೊಂಡಳು. “ಭಾನುವಾರ ಮತ್ತೆ ಅಲ್ಲಿಗೇ ಹೋಗೋಣ.”

“ಬೇರೆ ಒಳ್ಳೆ ಹೋಟೆಲ್...”

“ಬೇರೆ ಬೇಡ. ನಮ್ಮಮ್ಮ ಅಲ್ಲೇ, ನಡುಮಧ್ಯದಲ್ಲೇ ಕೂತು ಉಣ್ಣಬೇಕು.”

ಭಾನುವಾರ ಅದೇ ಸಪ್ಲೈಯರ್ ಅದೇ ಮೂಲೆಯ ಕಡೆ ಕೈ ತೋರಿಸಿದ. ಮೂವರೂ ಹೋಗಿ ನಡುವಿನ ಟೇಬಲ್ಲಿನಲ್ಲಿ ಕೂತರು. ಮ್ಯಾನೇಜರ್ ಓಡಿ ಬಂದ.

“ಸರ್, ಇದು ರಿಸರ್ವ್ ಆಗಿದೆ. ಬೇಕಾದ್ರೆ ಅಮ್ಮನಿಗೆ ಪಾರ್ಸಲ್...”

ಸಂಘಮಿತ್ರ ಬಾಯಿ ತೆರೆಯುವಷ್ಟರಲ್ಲಿ ಮನೋಹರ ಎದ್ದು ನಿಂತ. ಮುಖ ಕೆಂಪಾಗಿತ್ತು. ತುಟಿ ಅದುರುತ್ತಿತ್ತು. ಈ ಸಲ ಮಾತು ಹೊರಟಿತು.

“ಇವರು ನಮ್ಮ ತಾಯಿ. ಇಲ್ಲೇ ಕೂರ್ತಾರೆ. ಮೊದಲು ಇವರಿಗೆ ಬಡಿಸಿ, ಆಮೇಲೆ ನಮಗೆ!”

ಇಡೀ ಹೋಟೆಲು ತಿರುಗಿ ನೋಡಿತು. ಪುಟ್ಟಲಿಂಗಮ್ಮ ಅವನನ್ನೇ ನೋಡಿದಳು. ಆಮೇಲೆ ಮಡಿಲಲ್ಲಿದ್ದ ಕೈಗಳನ್ನು ತೆಗೆದು ಟೇಬಲ್ಲಿನ ಮೇಲಿಟ್ಟಳು.

“ಪಾರ್ಸಲ್ ಬ್ಯಾಡ ಕಣಪ್ಪ. ಕೂತ್ಕಂಡೇ ಉಣ್ತೀನಿ. ನೀರು ತತ್ತಾ ಮೊದ್ಲು” ಎಂದಳು ಸಪ್ಲೈಯರ್‌ಗೆ.

ಎಲ್ಲರ ಕಣ್ಣೂ ಮ್ಯಾನೇಜರ್ ಮೇಲೆ. ಅವನು ಬೆವರು ಒರೆಸಿಕೊಂಡು ಸನ್ನೆ ಮಾಡಿದ. ನೀರು ಬಂತು, ಮೊದಲ ತಟ್ಟೆ ಅಮ್ಮನ ಮುಂದೆಯೇ ಬಂತು. ಮುದ್ದೆಯಲ್ಲಿ ಗಂಟು, ಸಾರಿನಲ್ಲಿ ಉಪ್ಪಿಲ್ಲ.

“ಥೂ! ಇದುಕ್ಕಾ ಇಷ್ಟೊಂದು ರಂಪ ಮಾಡಿದ್ದು?” ಎಂದಳು ಅಮ್ಮ.

ಮೂವರೂ ನಕ್ಕರು. ಆದರೂ ಪುಟ್ಟಲಿಂಗಮ್ಮ ಅವಸರ ಮಾಡದೆ ಕಡೆಯ ತುತ್ತಿನವರೆಗೂ ಉಂಡು, ತಲೆಯೆತ್ತಿಕೊಂಡೇ ಕೈ ತೊಳೆಯಲು ಹೋದಳು.

ಮನೋಹರ ಸಂಘಮಿತ್ರ ಉಂಡು ಖಾಲಿ ಮಾಡಿದ ತಟ್ಟೆ ನೋಡಿ ಮೆಲ್ಲಗೆ ಕೇಳಿದ. “ಹಾಗಾದ್ರೆ... ಒಪ್ಪಿಗೆ ಅಂತಾನಾ?”

“ತಟ್ಟೆ ನೋಡಿ ಅರ್ಥ ಮಾಡ್ಕೊಂಡಿದ್ದು ಸಾಕು. ಬಾಯಿ ಬಿಟ್ಟು ಕೇಳಿ.”

“ನೀವಂದ್ರೆ ನಂಗೆ ತುಂಬಾ ಇಷ್ಟ. ನನ್ನ ಮದುವೆ ಆಗ್ತೀರಾ?”

ಇಷ್ಟು ದಿನ ಗಟ್ಟಿಯಾಗಿದ್ದ ಅವಳ ದನಿ ಈಗ ನಡುಗಿತು. “ಆಗ್ತೀನಿ. ನೀವು ‘ನಮ್ಮ ತಾಯಿ’ ಅಂದ್ರಲ್ಲ... ಆಗಲೇ ಮನಸ್ಸಲ್ಲಿ ಹೂಂ ಅಂದ್ಬಿಟ್ಟಿದ್ದೆ.”

ಅವನಿಗೂ ಕಣ್ಣು ತುಂಬಿ ಬಂತು. “ಹಾಗಾದ್ರೆ ಇನ್ಮೇಲೆ ಈ ಬಹುವಚನ ಬಿಡಬಹುದಾ?”

“ಅಷ್ಟು ಬೇಗಾನಾ? ಮದುವೆ ಆಗೋವರೆಗೂ ಮರ್ಯಾದೆ ಕೊಟ್ಟು ಮಾತಾಡ್ಸಿ.”

“ಆಯ್ತು ಕಣ್ರೀ... ಮದುವೆ ಆದ್ಮೇಲೂ ಕೊಡ್ತೀನಿ!”