ಮಂಗಳವಾರದ ಕೊನೆಯ ಚೀಟಿ

"ಬಲಗಣ್ಣು ಮುಚ್ಕೊಳ್ಳಿ. ನಡುವಿನ ಚುಕ್ಕೆ ನೋಡಿ. ಸುತ್ತ ಗೆರೆಗಳು ಹೇಗೆ ಕಾಣ್ತಿವೆ?"

"ಎಲ್ಲಾ ಸೊಟ್ಟ ಮೇಡಂ! ಇಂಥ ಕಿಟಕಿ ಮಾಡಿಕೊಟ್ರೆ ಜನ ಅಟ್ಟಿಸ್ಕೊಂಡು ಹೊಡೀತಾರೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣಾಸ್ಪತ್ರೆಯಲ್ಲಿ ದೃಷ್ಟಿ ಅಳೆಯುವ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಸಿಡಿದ ಮರದ ತುಂಡಿನಿಂದ ಎಡಗಣ್ಣು ಊದಿಸಿಕೊಂಡು ಬಂದು ತಮಾಷೆ ಮಾಡಿದವನು ಈ ಬಡಗಿ ಒಬ್ಬನೇ.

ಆದರೆ ಚೌಕಳಿ ಗೆರೆಗಳ ಆ ಹಾಳೆಯನ್ನು ಅವನು ಮತ್ತೆ ಮತ್ತೆ ತಿರುಗಿಸಿ ನೋಡುತ್ತಿದ್ದ. ಗೆರೆಯೇ ನೆಟ್ಟಗೆ ಕಾಣದಿದ್ದರೆ ಬಡಗಿಯ ಹೊಟ್ಟೆಪಾಡೇನು?

ಪೆಟ್ಟು ತಿಂದ ರೆಟಿನಾವನ್ನು ಆಂಟಿಆಕ್ಸಿಡೆಂಟ್ ಮಾತ್ರೆ ಕಾಪಾಡುತ್ತದೆಯೇ ಎಂದು ಡಾಕ್ಟರಮ್ಮ ಅಧ್ಯಯನ ನಡೆಸುತ್ತಿದ್ದರು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಉಳಿದವರಿಗೆ ಹಾಗೇ ಕಾಣುವ ಬರೀ ಹಿಟ್ಟು. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ಅಳೆಯುವ ಅವಳಿಗೂ ಗೊತ್ತಿಲ್ಲ. ಅವನೂ ಒಪ್ಪಿ ಸೇರಿಕೊಂಡ.

"ಪ್ರತಿ ಮಂಗಳವಾರ ಬನ್ನಿ. ಗೆರೆ ನೆಟ್ಟಗಾದ ಮೇಲೆ ಬರಬೇಕಿಲ್ಲ," ಎಂದಳು.

ಆ ಮಾತು ಯಾಕಾದರೂ ಆಡಿದೆನೋ ಎಂದು ಆಮೇಲೆ ಎಷ್ಟು ಸಲ ಅಂದುಕೊಂಡಳೋ! ಬುಧವಾರದಿಂದಲೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಕೆಲಸ ಶುರುವಾಗುತ್ತಿತ್ತು. ಬಂದರೆ ಕೇಳಬಹುದಾದದ್ದು ಮಾತ್ರ ಅದೇ ನಾಲ್ಕು ಪ್ರಶ್ನೆ.

ಊತ ಇಳಿಯಿತು. ಸ್ಕ್ಯಾನ್ ಚೆನ್ನಾಗಿ ಬಂತು. ಆದರೂ ಹತ್ತನೇ ವಾರ ಅವನದು ಅದೇ ಉತ್ತರ. "ಇನ್ನೂ ಸೊಟ್ಟ ಮೇಡಂ..."

'ದೇವರೇ, ಇವರಿಗೆ ಸಿಕ್ಕಿದ್ದು ಬರೀ ಹಿಟ್ಟಾ? ನೆಟ್ಟಗಾದ್ರೆ ಇವರು ಬರಲ್ಲ. ಆದ್ರೂ ನೆಟ್ಟಗಾಗಲಿ...' ಬಾಗಿಲು ಹಾಕಿಕೊಂಡು ಅತ್ತಳು.

ಅಂದು ಅವನು ಕುರ್ಚಿಯ ಮೇಲೆ ಅಳತೆಯ ಟೇಪು ಮರೆತು ಹೋಗಿದ್ದ. ಕೆಲಸ ಮುಗಿಸಿ, ಅದನ್ನು ಕೊಡುವ ನೆಪದಲ್ಲಿ ಅವಳು ಮರಗೆಲಸದ ಅಂಗಡಿಗೆ ಹೋದಳು. ಬಾಗಿಲಲ್ಲೇ ಸಿಕ್ಕ ಅವನ ಅತ್ತಿಗೆಗೆ ತಾನು ಕಣ್ಣಾಸ್ಪತ್ರೆಯವಳೆಂದು ಹೇಳಿದಳು.

"ಓ, ನೀವೇನಾ ಮಂಗಳವಾರ! ನಮ್ಮ ಮೈದುನ ವಾರಕ್ಕೊಂದೇ ಸಲ ಗಡ್ಡ ಬೋಳಿಸ್ಕೊಳ್ಳೋದು, ಅದೂ ಆವತ್ತೇ!"

ಒಳಗೆ ಅವನು ಬಲಗಣ್ಣು ಮುಚ್ಚಿ, ಪೆಟ್ಟು ತಿಂದ ಕಣ್ಣಿನಿಂದಲೇ ಹಲಗೆಯ ಅಂಚು ನೋಡುತ್ತಿದ್ದ. ಉಬ್ಬಿದ್ದ ಒಂದೇ ಜಾಗ ಕಂಡುಹಿಡಿದು ಉಜ್ಜಿದ. ಅಂಚು ನೆಟ್ಟಗಾಯಿತು.

"ನಿಮಗೆ ಸರಿಯಾಗಿ ಕಾಣುತ್ತೆ!"

ಅವನು ಬೆಚ್ಚಿದ. "ಮೇಡಂ... ಐದು ವಾರ ಆಯ್ತು."

"ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ ಹಾಗೆ! ನಿಮ್ಮ ಸುಳ್ಳು ನಂಬಿ ನಾಳೆ ಇನ್ಯಾರಿಗೋ ಈ ಮಾತ್ರೆ ಬೇಡ ಅಂದ್ರೆ? ಅವರ ಕಣ್ಣು ಹೋದ್ರೆ?"

ಅವನ ಮುಖ ಸಣ್ಣದಾಯಿತು. "ಅಷ್ಟು ದೂರ ಯೋಚಿಸ್ಲಿಲ್ಲ. ನೆಟ್ಟಗಾಯ್ತು ಅಂದ್ರೆ ಬರಬೇಡಿ ಅಂತೀರಲ್ಲ... ಅಷ್ಟೇ ಯೋಚಿಸಿದ್ದು."

ಸಿಟ್ಟಿನ ನಡುವೆಯೇ ಆ ಮಾತು ಅವಳಿಗೆ ಹಿತವೆನಿಸಿತು. ಅದನ್ನು ತೋರಿಸಿಕೊಳ್ಳದೆ, ಟೇಪನ್ನು ಹಲಗೆಯ ಮೇಲಿಟ್ಟು ಹೊರಟುಬಂದಳು.

ಮರುದಿನ ಅವನೇ ಬಂದು ಡಾಕ್ಟರಮ್ಮನ ಮುಂದೆ ತಪ್ಪೊಪ್ಪಿಕೊಂಡ. ಚೆನ್ನಾಗಿ ಬೈದು, ಅವನನ್ನು ಅಧ್ಯಯನದಿಂದ ಕೈಬಿಟ್ಟರು. ಅವನು ಹೊರಗೆ ಬಂದಾಗ ಅವಳು ಮೆಟ್ಟಿಲ ಬಳಿ ನಿಂತಿದ್ದಳು.

"ಇನ್ನು ನಾನು ಬರೋ ಹಾಗಿಲ್ಲ ಅಲ್ವಾ?"

"ಅಳತೆಗೆ ಬರೋ ಹಾಗಿಲ್ಲ." ತಲೆ ತಗ್ಗಿಸಿದಳು. "ನಂದೂ ಒಂದು ತಪ್ಪಿದೆ. ನೀವು ಎಷ್ಟು ಬೇಗ ಬಂದ್ರೂ ನಿಮ್ಮ ಸರದಿಯ ಚೀಟಿ ಎಲ್ಲರದಕ್ಕಿಂತ ತಳಕ್ಕೆ ಹಾಕ್ತಿದ್ದೆ."

"ಅದಕ್ಕೇನಾ ಪ್ರತಿ ವಾರ ಎರಡು ಗಂಟೆ ಕಾಯಿಸಿದ್ದು! ಯಾಕೆ?"

"ಕೊನೆಯವರಾದ್ರೆ... ನಿಮ್ಮ ಹಿಂದೆ ಯಾರೂ ಕಾಯ್ತಿರಲ್ಲ ಅಂತ."

ಅವನು ನಿಧಾನವಾಗಿ ಬಲಗಣ್ಣು ಮುಚ್ಚಿ ಅವಳನ್ನೇ ನೋಡಿದ.

"ಹೇಗೆ ಕಾಣ್ತಿದೆ?" ಎಂದು ಕೇಳಿದಳು.

"ನಿಜ ಹೇಳ್ತೀನಿ, ಚೆನ್ನಾಗಿ ಕಾಣ್ತಿದೆ. ಇನ್ನು ಬರಬೇಕಿಲ್ಲ ಅಂತೀರಾ?"

"ಬರೀ ಮಂಗಳವಾರ ಬಂದ್ರೆ ಸಾಲದು," ಎಂದಳು ಅವಳು. "ದಿನಾ ಬನ್ನಿ."